ಇಳಿಸಿದ ತೂಕ ವಾಪಸ್ ಬರೋದೇಕೆ? ಮಿದುಳು ಇಡುವ ಹಸಿವಿನ ಲೆಕ್ಕ

ಪ್ರಶ್ನೆ: ನನಗೆ 39 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಹೋದ ವರ್ಷ 82 ಕೆಜಿ ಇದ್ದೆ. ಐದು ತಿಂಗಳು ಬಾಯಿ ಕಟ್ಟಿ, ದಿನಾ ವಾಕಿಂಗ್ ಮಾಡಿ 71ಕ್ಕೆ ಇಳಿದೆ. ಈಗ ಮತ್ತೆ 80 ಆಗಿದ್ದೇನೆ. ತೂಕ ಇಳಿದ ಮೇಲೆ ಮೊದಲಿಗಿಂತ ಜಾಸ್ತಿ ಹಸಿವಾಗ್ತಿತ್ತು. ಊಟ ಮಾಡಿ ಎದ್ದ ಗಂಟೆಗೇ ಮತ್ತೆ ತಿಂಡಿ ನೆನಪು. ಮನೆಯಲ್ಲಿ ಎಲ್ಲರೂ 'ನಿನಗೆ ಮನಸ್ಸು ಗಟ್ಟಿ ಇಲ್ಲ' ಅಂತಾರೆ. ಹಸಿವನ್ನ ಮಿದುಳಿನ ಜೀವಕೋಶಗಳು ನಡೆಸುತ್ತವೆ ಅಂತ ಎಲ್ಲೋ ಓದಿದೆ. ನಿಜವಾ? ಹಾಗಾದ್ರೆ ನಾನು ಏನು ಮಾಡಬೇಕು? ತೂಕ ಇಳಿಸೋ ಇಂಜೆಕ್ಷನ್ ತಗೋಬಹುದಾ? ಇನ್ನೊಂದು ವಿಷಯ, ನನ್ನ ಮಗಳಿಗೆ 11 ವರ್ಷ. ಅವಳೂ ನನ್ನ ಹಾಗೇ ಮೈ ತುಂಬಿಕೊಳ್ತಿದ್ದಾಳೆ. ಈಗಿನಿಂದಲೇ ಊಟ ಕಡಿಮೆ ಮಾಡಿಸಬೇಕಾ?

ಉತ್ತರ: ನಿಜ. ಎಷ್ಟು ಹಸಿವಾಗಬೇಕು, ಎಷ್ಟು ತಿಂದರೆ ಸಾಕು ಅನ್ನಿಸಬೇಕು, ತಿಂದದ್ದರಲ್ಲಿ ಎಷ್ಟನ್ನು ಸುಡಬೇಕು, ಈ ಮೂರರ ಲೆಕ್ಕವೂ ಮಿದುಳಿನಲ್ಲೇ ನಡೆಯುತ್ತದೆ.

'ಊಟ ಮಾಡಿ ಎದ್ದ ಗಂಟೆಗೇ ಮತ್ತೆ ತಿಂಡಿ ನೆನಪು' ಅಂತ ಬರೆದಿದ್ದೀರಲ್ಲ, ತೂಕ ಇಳಿಸಿದವರ ಬಾಯಲ್ಲಿ ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಲಾಯರು, ರೈತರು, ಪೊಲೀಸರು, ನಮ್ಮ ಡಾಕ್ಟರುಗಳು, ಎಲ್ಲರೂ ಹೆಚ್ಚುಕಡಿಮೆ ಇದೇ ಪದಗಳಲ್ಲಿ ಹೇಳುತ್ತಾರೆ. ಇಷ್ಟು ಬೇರೆ ಬೇರೆ ಸ್ವಭಾವದ ಜನಕ್ಕೆಲ್ಲ ತೂಕ ಇಳಿದ ಮೇಲೆಯೇ ಮನಸ್ಸು ಸಡಿಲವಾಗುತ್ತದೆಯೇ? ಐದು ತಿಂಗಳು ಬಾಯಿ ಕಟ್ಟಿದವರಿಗೆ ಮನಸ್ಸು ಗಟ್ಟಿ ಇಲ್ಲ ಅನ್ನುವುದು ಅನ್ಯಾಯ. ಈ ಉತ್ತರವನ್ನು ಮನೆಯವರಿಗೂ ಓದಲು ಕೊಡಿ.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮಂಥವರು ದಿನಕ್ಕೆ ಸುಮಾರು 1,900 ಕ್ಯಾಲೋರಿ ತಿಂದರೆ ವರ್ಷಕ್ಕೆ ಹತ್ತಿರ ಹತ್ತಿರ 7 ಲಕ್ಷ ಕ್ಯಾಲೋರಿ ಆಗುತ್ತದೆ. ಒಂದು ಕೆಜಿ ಕೊಬ್ಬಿನಲ್ಲಿ ಇರುವುದು ಸುಮಾರು 7,700 ಕ್ಯಾಲೋರಿ. ಅಂದರೆ ದಿನಕ್ಕೆ ಬರೀ 21 ಕ್ಯಾಲೋರಿ ಹೆಚ್ಚಾದರೆ, ಒಂದು ಚಮಚ ಸಕ್ಕರೆಯಷ್ಟು, ಕಾಗದದ ಮೇಲೆ ವರ್ಷಕ್ಕೆ ಒಂದು ಕೆಜಿ ಏರಬೇಕು. ಮದುವೆ ಊಟ, ಹಬ್ಬದ ಹೋಳಿಗೆ, ಜ್ವರ ಬಂದು ಗಂಜಿ ಕುಡಿದ ದಿನ, ಯಾವುದನ್ನೂ ನಾವು ಬರೆದಿಡುವುದಿಲ್ಲ. ಆದರೂ ಹೆಚ್ಚಿನ ಜನರ ತೂಕ ವರ್ಷದಿಂದ ವರ್ಷಕ್ಕೆ ಒಂದೆರಡು ಕೆಜಿ ಆಚೀಚೆ ಅಷ್ಟೇ. ಒಂದು ಚಮಚ ಸಕ್ಕರೆಯ ಲೆಕ್ಕವನ್ನು ಯಾರ ಮನಸ್ಸೂ ಇಡಲಾರದು. ಒಳಗೆ ಬೇರೆ ಯಾರೋ ಇಡುತ್ತಿದ್ದಾರೆ.

ಆ 'ಬೇರೆ ಯಾರೋ' ಇರುವ ಜಾಗಕ್ಕೆ ಹೈಪೊಥಲಾಮಸ್ ಅಂತ ಹೆಸರು. ಕಣ್ಣುಗಳ ಹಿಂದೆ, ಮಿದುಳಿನ ಬುಡದಲ್ಲಿ, ಬಾದಾಮಿಯಷ್ಟು ದೊಡ್ಡದು. ಮಿದುಳು ಸುಮಾರು 1.4 ಕೆಜಿ ತೂಗಿದರೆ ಇದು ನಾಲ್ಕು ಗ್ರಾಂ. ಇದಕ್ಕೂ ತೂಕಕ್ಕೂ ಸಂಬಂಧ ಇದೆ ಅನ್ನುವ ಅನುಮಾನ ಹಳೆಯದು. 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಶ್ ಎಂಬ ವೈದ್ಯರು ಈ ಜಾಗದ ಹತ್ತಿರ ಗೆಡ್ಡೆ ಬೆಳೆದು, ಜತೆಗೆ ವಿಪರೀತ ದಪ್ಪಗಾದ ಹುಡುಗನೊಬ್ಬನ ಬಗ್ಗೆ ಬರೆದರು. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಇಲಿಗಳ ಹೈಪೊಥಲಾಮಸ್ಸಿನ ನಡುಭಾಗಕ್ಕೆ ಪೆಟ್ಟು ಮಾಡಿದಾಗ ಅವು ಉಬ್ಬಿಹೋದವು. 1951ರಲ್ಲಿ ನಮ್ಮ ದೇಶದ ಬಿ.ಕೆ. ಆನಂದ್, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಬ್ರೋಬೆಕ್ ಜತೆ ಕೆಲಸ ಮಾಡುತ್ತಾ, ಅದೇ ಹೈಪೊಥಲಾಮಸ್ಸಿನ ಪಕ್ಕದ ಭಾಗಕ್ಕೆ ಪೆಟ್ಟಾದರೆ ಇಲಿ ಊಟವನ್ನೇ ಬಿಡುತ್ತದೆ ಅಂತ ತೋರಿಸಿದರು. ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾಶಾಸ್ತ್ರ ವಿಭಾಗವನ್ನು ಕಟ್ಟಿದವರು ಅವರೇ.

ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಾರೆ ನೋಡುವುದು ಬೇರೆ. ನಾನು ಇನ್ನೂ ಕಲಿಯುತ್ತಿದ್ದ ಕಾಲಕ್ಕೆ ವಾರ್ಡಿಗೆ ಒಬ್ಬ ಹುಡುಗ ಬಂದಿದ್ದ, ಒಂಬತ್ತು ವರ್ಷ. ಹೈಪೊಥಲಾಮಸ್ ಪಕ್ಕದ ಗೆಡ್ಡೆ ತೆಗೆದಿದ್ದರು, ಜೀವ ಉಳಿದಿತ್ತು. ಆದರೆ ಆಪರೇಷನ್ ಆದ ಆರು ತಿಂಗಳಲ್ಲಿ ಹುಡುಗ ಗುರುತೇ ಸಿಗದಷ್ಟು ದಪ್ಪಗಾಗಿದ್ದ. ತಾಯಿ ಅಡುಗೆಮನೆ ಬೀಗದ ಕೈಯನ್ನು ಕೊರಳ ಸರಕ್ಕೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದರು. ರಾತ್ರಿ ಎದ್ದು ಡಬ್ಬದಿಂದ ಹಸಿ ಅಕ್ಕಿ ಮುಕ್ಕಿದ್ದನಂತೆ. ಇದನ್ನು ಹೇಳುವಾಗ ಅವರಿಗೆ ನಾಚಿಕೆ, ನಮ್ಮ ಮುಖ ನೋಡುತ್ತಿರಲಿಲ್ಲ. ಹುಡುಗ ಮಾತ್ರ ಮೆಲ್ಲಗೆ, 'ಅಮ್ಮ, ನಾನು ಬೇಕು ಅಂತ ಮಾಡಲ್ಲ, ಹೊಟ್ಟೆ ತುಂಬೋದೇ ಇಲ್ಲ' ಅಂದ. ಆ ಮಾತು ಕೇಳಿದ ಮೇಲೆ ನಾನು ಯಾವ ರೋಗಿಗೂ 'ಸ್ವಲ್ಪ ಕಂಟ್ರೋಲ್ ಮಾಡ್ಕೊಳ್ಳಿ' ಅಂತ ಹೇಳಿಲ್ಲ.

ಸರಿ, ಮೈಯಲ್ಲಿ ಎಷ್ಟು ಕೊಬ್ಬಿದೆ ಅಂತ ಹೈಪೊಥಲಾಮಸ್ಸಿಗೆ ಗೊತ್ತಾಗುವುದು ಹೇಗೆ? ಇದನ್ನು ಬಿಡಿಸಿದ ಪ್ರಯೋಗ ನನಗೆ ಅತಿ ಇಷ್ಟವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜಾಕ್ಸನ್ ಲ್ಯಾಬೊರೇಟರಿ ಅಂತ ಇದೆ. ಅಲ್ಲಿ ಹುಟ್ಟಿನಿಂದಲೇ ಉಂಡೆಯಂತೆ ದಪ್ಪಗಾಗುವ ಎರಡು ತಳಿಯ ಪುಟ್ಟ ಇಲಿಗಳಿದ್ದವು. ಒಂದಕ್ಕೆ 'ಓಬಿ' ಅಂತ ಹೆಸರು, 1949ರಲ್ಲಿ ಕಂಡದ್ದು. ಇನ್ನೊಂದು 'ಡಿಬಿ', 1966ರಲ್ಲಿ ಸಿಕ್ಕಿದ್ದು, ಅದಕ್ಕೆ ಸಕ್ಕರೆ ಕಾಯಿಲೆಯೂ ಜೋರು. ನೋಡಲು ಎರಡೂ ಒಂದೇ ಥರ. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಮೈಯನ್ನು ಪಕ್ಕಕ್ಕೆ ಪಕ್ಕ ಹೊಲಿದು, ಒಂದರ ರಕ್ತ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪ ಹರಿಯುವಂತೆ ಮಾಡಿದರು. ಡಿಬಿ ಇಲಿಗೆ ಮಾಮೂಲಿ ಇಲಿಯನ್ನು ಜೋಡಿಸಿದಾಗ ಮಾಮೂಲಿ ಇಲಿ ಊಟ ಬಿಟ್ಟು, ಸೊರಗಿ ಸತ್ತುಹೋಯಿತು. ಡಿಬಿ ಮಾತ್ರ ತಿನ್ನುತ್ತಲೇ ಇತ್ತು. ಓಬಿ ಇಲಿಗೆ ಮಾಮೂಲಿ ಇಲಿಯನ್ನು ಜೋಡಿಸಿದಾಗ ಓಬಿ ಊಟ ಕಡಿಮೆ ಮಾಡಿತು. ಕೊನೆಗೆ ದಪ್ಪ ಇಲಿಗಳೆರಡನ್ನೂ, ಓಬಿ ಮತ್ತು ಡಿಬಿಯನ್ನು, ಒಟ್ಟಿಗೆ ಹೊಲಿದರು. ಓಬಿ ಊಟ ಬಿಟ್ಟಿತು, ಡಿಬಿ ಬಿಡಲಿಲ್ಲ.

ಇದನ್ನು ಮಕ್ಕಳಿಗೆ ಪಾಠ ಮಾಡುವಂತೆ ಒಮ್ಮೆ ಯೋಚಿಸಿ ನೋಡಿ. ರಕ್ತದಲ್ಲಿ 'ಸಾಕು' ಅನ್ನುವ ಒಂದು ಸುದ್ದಿ ಓಡಾಡುತ್ತಿದೆ. ಓಬಿಗೆ ಆ ಸುದ್ದಿಯನ್ನು ತಯಾರು ಮಾಡಲು ಬರುವುದಿಲ್ಲ, ಹೊರಗಿನಿಂದ ಬಂದರೆ ಕೇಳಿಸಿಕೊಳ್ಳುತ್ತದೆ. ಡಿಬಿಯಲ್ಲಿ ಸುದ್ದಿ ತುಂಬಿ ತುಳುಕುತ್ತಿದೆ, ಆದರೆ ಅದಕ್ಕೆ ಕೇಳಿಸುವುದಿಲ್ಲ. ಸುದ್ದಿ ಯಾವ ರಾಸಾಯನಿಕ ಅಂತ ತಿಳಿಯದೆಯೇ ಕೋಲ್ಮನ್ ಇಷ್ಟನ್ನೂ ಹೇಳಿದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಓಬಿಯಲ್ಲಿ ಕೆಟ್ಟಿದ್ದ ವಂಶವಾಹಿಯನ್ನು ಹಿಡಿಯಿತು. ಸುದ್ದಿ ಹೊರುವ ಆ ಹಾರ್ಮೋನಿಗೆ ಲೆಪ್ಟಿನ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ 'ಲೆಪ್ಟೋಸ್' ಅಂದರೆ ತೆಳ್ಳಗಿನದು. ಅದು ಹುಟ್ಟುವುದು ನಮ್ಮ ಕೊಬ್ಬಿನ ಜೀವಕೋಶಗಳಲ್ಲೇ. ಕೊಬ್ಬು ಹೆಚ್ಚಿದ್ದರೆ ಲೆಪ್ಟಿನ್ ಹೆಚ್ಚು, ಕೊಬ್ಬು ಕರಗಿದರೆ ಕಡಿಮೆ.

ಮನುಷ್ಯರಲ್ಲೂ ಹೀಗೇ. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸದಫ್ ಫಾರೂಕಿ, ಸ್ಟೀಫನ್ ಓರಾಹಿಲಿ ಮತ್ತು ಸಂಗಡಿಗರು ಪಾಕಿಸ್ತಾನ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿದರು. ಎಂಟು ವರ್ಷದ ಹುಡುಗಿ 86 ಕೆಜಿ. ಎರಡು ವರ್ಷದ ಹುಡುಗ 29 ಕೆಜಿ. ಇಬ್ಬರ ಮೈಯಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಒಂದು ವರ್ಷದಲ್ಲಿ 16 ಕೆಜಿ ಇಳಿಯಿತು. ಊಟಕ್ಕಾಗಿ ಹಠ ಮಾಡುತ್ತಿದ್ದವಳು ಉಳಿದ ಮಕ್ಕಳಂತೆ ತಿನ್ನತೊಡಗಿದಳು. ಯಾರೂ ಅವಳ ಮನಸ್ಸನ್ನು ಗಟ್ಟಿ ಮಾಡಿರಲಿಲ್ಲ.

ಇಲ್ಲಿ ನೀವು ಕೇಳಬಹುದು, ಹಾಗಾದ್ರೆ ನಂಗೂ ಲೆಪ್ಟಿನ್ ಕೊಡಿ ಅಂತ. ನಿಮ್ಮ ಮೈಯಲ್ಲಿ ಲೆಪ್ಟಿನ್ ಬೇಕಾದಷ್ಟಿದೆ. ಸಾಮಾನ್ಯವಾಗಿ ದಪ್ಪಗಿರುವವರಲ್ಲಿ ಅದು ಜಾಸ್ತಿಯೇ ಇರುತ್ತದೆ, ಇನ್ನಷ್ಟು ಕೊಟ್ಟರೆ ಹೇಳಿಕೊಳ್ಳುವಂಥ ಉಪಯೋಗ ಆಗುವುದಿಲ್ಲ. ಇದರಿಂದ ತಿಳಿಯುವ ದೊಡ್ಡ ವಿಷಯ ಒಂದಿದೆ. ಲೆಪ್ಟಿನ್ ಏರಿದಾಗ ಮಿದುಳು ಅಷ್ಟಾಗಿ ಕಿವಿಗೊಡುವುದಿಲ್ಲ. ಇಳಿದಾಗ ಮಾತ್ರ ಗಾಬರಿಯಾಗುತ್ತದೆ. ಬಿತ್ತನೆಗೆ ಇಟ್ಟ ಕಾಳನ್ನೂ ತಿನ್ನಬೇಕಾದ ಬರಗಾಲಗಳನ್ನು ದಾಟಿ ಬಂದ ಮೈ ಇದು. ಕಣಜ ತುಂಬಿದರೆ ಅದಕ್ಕೆ ಚಿಂತೆಯಿಲ್ಲ, ಕಣಜ ಖಾಲಿಯಾಗುತ್ತಿದ್ದರೆ ನಿದ್ದೆಯಿಲ್ಲ. ನೀವು 82ರಿಂದ 71ಕ್ಕೆ ಇಳಿದಾಗ ಕನ್ನಡಿಯಲ್ಲಿ ಕಂಡದ್ದು ಸಂತೋಷ. ನಿಮ್ಮ ಹೈಪೊಥಲಾಮಸ್ಸಿಗೆ ಕಂಡದ್ದು ಬರ.

ಬರದ ಸುದ್ದಿ ಬಂದಾಗ ಅಲ್ಲಿ ಏನಾಗುತ್ತದೆ? ಹೈಪೊಥಲಾಮಸ್ಸಿನ ತಳದಲ್ಲಿ ಬಿಲ್ಲಿನಂತೆ ಬಾಗಿದ ಒಂದು ಚಿಕ್ಕ ಗುಂಪು ಇದೆ. ಅಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಬಗೆಗೆ ಎಜಿಆರ್‌ಪಿ ಕೋಶ ಅನ್ನುತ್ತಾರೆ, ನಾವು ಹಸಿವಿನ ಕೋಶ ಅನ್ನೋಣ. ಇನ್ನೊಂದಕ್ಕೆ ಪಿಒಎಂಸಿ ಕೋಶ ಅಂತ ಹೆಸರು, ಇದು ತೃಪ್ತಿಯ ಕೋಶ. ಲೆಪ್ಟಿನ್ ಇದ್ದಾಗ ತೃಪ್ತಿಯ ಕೋಶ ಚುರುಕಾಗಿ, ಹಸಿವಿನ ಕೋಶ ಸುಮ್ಮನಿರುತ್ತದೆ. ಲೆಪ್ಟಿನ್ ಇಳಿದಾಗ ತಿರುಗುಮುರುಗು.

ಹಸಿವಿನ ಕೋಶಗಳ ಶಕ್ತಿ ಎಷ್ಟು ಅಂತ ಕೇಳಿದರೆ ಆಶ್ಚರ್ಯವಾಗುತ್ತದೆ. ಪುಟ್ಟ ಇಲಿಯ ಮಿದುಳಿನಲ್ಲಿ ಇವು ಇರುವುದು ಕೆಲವೇ ಸಾವಿರ. 2005ರಲ್ಲಿ, ಪೂರ್ತಿ ಬೆಳೆದ ಪುಟ್ಟ ಇಲಿಗಳಲ್ಲಿ ಇವನ್ನು ಮಾತ್ರ ನಾಶ ಮಾಡಿ ನೋಡಿದರು. ಎದುರಿಗೆ ಆಹಾರ ಇದ್ದರೂ ಅವು ಉಪವಾಸ ಬಿದ್ದವು. 2011ರಲ್ಲಿ ಸ್ಕಾಟ್ ಸ್ಟರ್ನ್‌ಸನ್ ತಂಡ ಇದೇ ಕೋಶಗಳು ಬೆಳಕು ಬಿದ್ದರೆ ಚುರುಕಾಗುವಂತೆ ಮಾಡಿ, ಕೂದಲಿನಷ್ಟು ತೆಳುವಾದ ತಂತುವಿನಿಂದ ಒಳಗೆ ಬೆಳಕು ಬಿಟ್ಟಿತು. ಹೊಟ್ಟೆ ತುಂಬಿ ಮಲಗಿದ್ದ ಇಲಿ ಕೆಲವೇ ನಿಮಿಷಗಳಲ್ಲಿ ಎದ್ದು ಗಬಗಬ ತಿನ್ನತೊಡಗಿತು.

2015ರಲ್ಲಿ ಇನ್ನೊಂದು ವಿಚಿತ್ರ ಗೊತ್ತಾಯಿತು. ಕ್ಯಾಲಿಫೋರ್ನಿಯಾದ ಜಕಾರಿ ನೈಟ್ ತಂಡ ಹಸಿದ ಇಲಿಯ ಈ ಕೋಶಗಳ ಚಟುವಟಿಕೆಯನ್ನು ನೇರವಾಗಿ ಗಮನಿಸಿತು. ಆಹಾರ ಕಂಡ ಕೂಡಲೇ, ಒಂದು ತುತ್ತೂ ಬಾಯಿಗೆ ಹೋಗುವ ಮೊದಲೇ, ಸೆಕೆಂಡುಗಳಲ್ಲಿ ಆ ಕೋಶಗಳು ತಣ್ಣಗಾದವು. ಊಟ ಸಿಗದೇ ಹೋದರೆ ಮತ್ತೆ ಶುರು. ಅದೇ ವರ್ಷ ಸ್ಟರ್ನ್‌ಸನ್ ತಂಡವೇ ತೋರಿಸಿದ್ದು, ಈ ಕೋಶಗಳು ಚುರುಕಾಗಿರುವುದು ಇಲಿಗೆ ಹಿಂಸೆ, ಅದನ್ನು ನಿಲ್ಲಿಸಿಕೊಳ್ಳಲು ಅದು ಏನಾದರೂ ಮಾಡುತ್ತದೆ ಅಂತ. ಬರೀ ರುಚಿಯ ಆಸೆಯಾದರೆ ತಡೆದುಕೊಳ್ಳಬಹುದು. ಇದು ಬಾಯಾರಿಕೆಯ ಹಾಗೆ, ಒಳಗಿನಿಂದ ಚುಚ್ಚುತ್ತಲೇ ಇರುವಂಥದ್ದು. ಡಬ್ಬದ ಮುಚ್ಚಳ ತೆಗೆದ ಕ್ಷಣಕ್ಕೇ ಅರ್ಧ ಸಮಾಧಾನ ಆಗುತ್ತದೆ ಅಂತ ಎಷ್ಟೋ ಜನ ಹೇಳುತ್ತಾರಲ್ಲ, ಆ ಮಾತಿಗೆ ನನಗೆ ಈ ಪ್ರಯೋಗವೇ ನೆನಪಾಗುತ್ತದೆ.

ತೃಪ್ತಿಯ ಕೋಶದ್ದು ಇನ್ನೊಂದು ಕಥೆ. ಅದು ಒಂದು ಹಾರ್ಮೋನನ್ನು ಬಿಡುತ್ತದೆ. ಆ ಹಾರ್ಮೋನು ಮಿದುಳಿನಲ್ಲಿ ಎಂಸಿ4ಆರ್ ಎಂಬ ಬೀಗಕ್ಕೆ ಬಿದ್ದಾಗ 'ಸಾಕು' ಅನ್ನಿಸುತ್ತದೆ. ಹಸಿವಿನ ಕೋಶ ಬಿಡುವ ವಸ್ತು ಬಂದು ಅದೇ ಬೀಗದ ರಂಧ್ರವನ್ನು ಮುಚ್ಚಿಬಿಡುತ್ತದೆ. ಒಂದೇ ವಂಶವಾಹಿಯ ದೋಷದಿಂದ ಬರುವ ಬೊಜ್ಜಿನಲ್ಲಿ ಈ ಬೀಗ ಹುಟ್ಟಿನಿಂದಲೇ ಕೆಟ್ಟಿರುವವರೇ ಜಾಸ್ತಿ. ಇದೇ ಹಾರ್ಮೋನು ಚರ್ಮದಲ್ಲಿ, ಬೇರೆ ಬೀಗದ ಮೂಲಕ, ಬಣ್ಣವನ್ನೂ ನಿರ್ಧರಿಸುತ್ತದೆ. ಹಾಗಾಗಿಯೇ ಹಳದಿ ಕೂದಲಿನ ಒಂದು ಇಲಿ ತಳಿ ದಪ್ಪಗೂ ಇರುತ್ತದೆ, ಎರಡೂ ಬೀಗ ಮುಚ್ಚಿರುತ್ತವೆ. ಎಂಸಿ4ಆರ್ ಬೀಗವನ್ನು ತೆರೆಯುವ ಸೆಟ್‌ಮೆಲನೊಟೈಡ್ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಅಪರೂಪದ ಕೆಲವು ವಂಶವಾಹಿ ದೋಷಗಳಿಗೆ ಮಾತ್ರ. ಅದನ್ನು ತೆಗೆದುಕೊಂಡವರ ಚರ್ಮ ಕಪ್ಪಾಗುತ್ತದೆ.

ಲೆಪ್ಟಿನ್ ತಿಂಗಳುಗಳ ಲೆಕ್ಕ. ಒಂದೊಂದು ಊಟದ ಲೆಕ್ಕ ಬೇರೆ ದಾರಿಯಲ್ಲಿ ಬರುತ್ತದೆ. ಊಟಕ್ಕೆ ಮೊದಲು ಹೊಟ್ಟೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಏರಿ ಹಸಿವಿನ ಕೋಶಗಳನ್ನು ಎಬ್ಬಿಸುತ್ತದೆ. ಇದನ್ನು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಕಂಡುಹಿಡಿದರು. ತಿಂದ ಮೇಲೆ ಹೊಟ್ಟೆ ಹಿಗ್ಗಿದ ಸುದ್ದಿ ವೇಗಸ್ ಎಂಬ ಉದ್ದನೆಯ ನರದಲ್ಲಿ ಮಿದುಳಿನ ಬಾಲದಂಥ ಭಾಗಕ್ಕೆ, ಅಂದರೆ ಮಿದುಳಿನ ಕಾಂಡಕ್ಕೆ, ಹೋಗುತ್ತದೆ. ಕರುಳಿನಿಂದ ಸಿಸಿಕೆ, ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳೂ ಅಲ್ಲಿಗೆ ಸುದ್ದಿ ಮುಟ್ಟಿಸುತ್ತವೆ. ಜಿಎಲ್‌ಪಿ-1 ಹೆಸರು ನೆನಪಿಟ್ಟುಕೊಳ್ಳಿ, ಇಂಜೆಕ್ಷನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ಖರ್ಚಿನ ಕಡೆ. ಮನೆಯಲ್ಲಿ ದುಡ್ಡು ಕಡಿಮೆಯಾದರೆ ಏನು ಮಾಡುತ್ತೀರಿ? ಸಾಲ ಕೇಳುತ್ತೀರಿ, ಜತೆಗೆ ಖರ್ಚನ್ನೂ ಕಡಿಮೆ ಮಾಡುತ್ತೀರಿ. ಮಿದುಳೂ ಎರಡನ್ನೂ ಮಾಡುತ್ತದೆ. ಲೆಪ್ಟಿನ್ ಇಳಿದಾಗ ಥೈರಾಯ್ಡ್ ಹಾರ್ಮೋನು ಸ್ವಲ್ಪ ತಗ್ಗುತ್ತದೆ, ಮೈ ಬಿಸಿ ಇಡುವ ನರಗಳು ಸುಸ್ತಾಗುತ್ತವೆ, ಅದೇ ವಾಕಿಂಗ್‌ಗೆ ಮಾಂಸಖಂಡಗಳು ಮೊದಲಿಗಿಂತ ಕಡಿಮೆ ಶಕ್ತಿ ಬಳಸುತ್ತವೆ. 1995ರಲ್ಲಿ ರಾಕ್‌ಫೆಲ್ಲರ್‌ನ ಲೈಬೆಲ್, ರೋಸೆನ್‌ಬಾಮ್, ಹಿರ್ಶ್ ಈ ಮೂವರು ತೋರಿಸಿದ್ದು ಇದನ್ನೇ. ನೂರಕ್ಕೆ ಹತ್ತು ಪಾಲು ತೂಕ ಇಳಿಸಿದರೆ, ಸಣ್ಣಗಾದ ಮೈಗೆ ಸಹಜವಾಗಿ ಎಷ್ಟು ಕಡಿಮೆ ಬೇಕೋ ಅದಕ್ಕಿಂತಲೂ ಖರ್ಚು ಕೆಳಗಿಳಿಯುತ್ತದೆ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ವಿಪರೀತ ತೂಕ ಇಳಿಸಿದ್ದ 14 ಜನರನ್ನು ಕೆವಿನ್ ಹಾಲ್ ತಂಡ ಆರು ವರ್ಷ ಬಿಟ್ಟು ನೋಡಿತು, ವರದಿ ಬಂದದ್ದು 2016ರಲ್ಲಿ. ಹೆಚ್ಚಿನವರಿಗೆ ತೂಕ ವಾಪಸ್ ಬಂದಿತ್ತು. ಆದರೂ ಸುಮ್ನೆ ಕೂತಾಗ ಅವರ ಮೈ ಸುಡುತ್ತಿದ್ದದ್ದು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೋರಿ ಕಡಿಮೆ.

ಮನಸ್ಸಿನ ಮೇಲೆ ಇದು ಏನು ಮಾಡುತ್ತದೆ ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಕೊನೆಯ ಕಾಲದ ಒಂದು ಪ್ರಯೋಗ ಸಾಕು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬುವರು 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಇವರೆಲ್ಲ ತಾವಾಗಿ ಮುಂದೆ ಬಂದ, ಗಟ್ಟಿ ಮನಸ್ಸಿನ ಹುಡುಗರು. ತೂಕದ ಕಾಲುಭಾಗ ಹೋಯಿತು. ಅವರಿಗೆ ಚಳಿ ತಡೆಯಲಾಗುತ್ತಿರಲಿಲ್ಲ. ಹಗಲು ರಾತ್ರಿ ಊಟದ್ದೇ ಮಾತು. ಅಡುಗೆಯ ಗಂಧವಿಲ್ಲದವರೂ ಅಡುಗೆ ಪುಸ್ತಕ ಕೂಡಿಡತೊಡಗಿದರು. ಬೇಕಾದಷ್ಟು ತಿನ್ನಲು ಬಿಟ್ಟ ಮೇಲೂ ಎಷ್ಟೋ ವಾರ ಅವರ ಹಸಿವು ಹಿಂಗಲಿಲ್ಲ.

ಈಗ ನಿಮ್ಮ ವಿಷಯಕ್ಕೆ ನೇರವಾಗಿ ಬರುತ್ತೇನೆ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನ ಹತ್ತು ವಾರ ಬಿಗಿ ಡಯಟ್ ಮಾಡಿ ಸರಾಸರಿ 13.5 ಕೆಜಿ ಇಳಿಸಿದರು. ಹೆಚ್ಚುಕಡಿಮೆ ನಿಮ್ಮ ಹಾಗೆಯೇ. ಅವರ ಲೆಪ್ಟಿನ್ ಕುಸಿಯಿತು, ಗ್ರೆಲಿನ್ ಏರಿತು, ಹೊಟ್ಟೆ ತುಂಬಿತು ಅನ್ನಿಸುವ ಹಾರ್ಮೋನುಗಳು ತಗ್ಗಿದವು. ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದರು. ಆಗಲೂ ಅವು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಆಗಲೂ ಜನಕ್ಕೆ ಡಯಟ್‌ಗೆ ಮುಂಚಿಗಿಂತ ಜಾಸ್ತಿ ಹಸಿವಾಗುತ್ತಿತ್ತು. ಊಟವಾದ ಗಂಟೆಗೇ ನಿಮಗಾದ ಹಸಿವು ಅದೇ ಹಸಿವು.

ಹಾಗಾದರೆ ಕೈಚೆಲ್ಲಿ ಕೂರಬೇಕೆ? ಇಲ್ಲ. ಆದರೆ ಗುರಿಯನ್ನು ಬದಲಿಸಿಕೊಳ್ಳಿ. ಐದು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಸುವ ಶಕ್ತಿ ನಿಮಗಿದೆ ಅಂತ ಗೊತ್ತಾಗಿದೆ. ಈ ಸಲ ನಾಲ್ಕೈದು ಕೆಜಿ ಇಳಿಸಿ, ಅದನ್ನು ಎರಡು ವರ್ಷ ಹಿಡಿದಿಡುವುದಕ್ಕೆ ಶ್ರಮ ಹಾಕಿ. ಇಳಿಸುವುದು ಒಂದು ಕೆಲಸ, ಹಿಡಿದಿಡುವುದು ಬೇರೆಯೇ ಕೆಲಸ. ಎರಡನೆಯದಕ್ಕೆ ನಮ್ಮಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅದೇ ಬೇಜಾರು. ನಾಲ್ಕೈದು ಕೆಜಿಯಿಂದಲೂ ಸಕ್ಕರೆ, ಬಿಪಿ, ಲಿವರ್ ಕೊಬ್ಬಿಗೆ ಲಾಭ ಇದೆ. ತೂಕಕ್ಕಿಂತ ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ತೆಳ್ಳಗೆ ಕಂಡರೂ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಜಾಸ್ತಿ ಅಂತ ಪುಣೆಯ ಚಿತ್ತರಂಜನ್ ಯಾಜ್ನಿಕ್ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ.

ಹಸಿವಿನ ಕೋಶಗಳ ಜತೆ ಜಗಳ ಆಡಿದರೆ ಸೋಲು ನಮ್ಮದೇ, ಅವುಗಳ ಜತೆ ಹೊಂದಿಕೊಂಡು ಹೋಗುವುದು ಜಾಣತನ. ಬೆಳಗಿನ ತಿಂಡಿಗೆ ಉಪ್ಪಿಟ್ಟು ಮಾತ್ರ ತಿಂದು ಹೋಗುವ ಬದಲು ಜತೆಗೆ ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಹೆಸರುಕಾಳಿನ ಉಸಲಿ ಇರಲಿ. ಪ್ರೋಟೀನು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಮಾಡಿ, ವಾಕಿಂಗ್ ಒಂದೇ ಮಾಂಸಖಂಡವನ್ನು ಉಳಿಸುವುದಿಲ್ಲ. ತಿಂಡಿ ಡಬ್ಬ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಡ. ಮಿಕ್ಸ್ಚರ್, ಬಿಸ್ಕತ್ತು, ಚಿಪ್ಸ್ ಮನೆಗೇ ಬರದಿದ್ದರೆ ಇನ್ನೂ ಒಳ್ಳೆಯದು. ಇದು ಸುಮ್ನೆ ಹೇಳುವ ಮಾತಲ್ಲ. 2019ರಲ್ಲಿ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ಎರಡು ವಾರ ಫ್ಯಾಕ್ಟರಿ ತಿನಿಸು, ಎರಡು ವಾರ ಮನೆ ಅಡುಗೆಯಂಥ ಊಟ ಕೊಟ್ಟು ನೋಡಿತು. ಬೇಕಾದಷ್ಟು ತಿನ್ನಿ ಅಂತ ಬಿಟ್ಟಾಗ ಫ್ಯಾಕ್ಟರಿ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೋರಿ ಜಾಸ್ತಿ ತಿಂದರು. ಬೇಗ ಬೇಗ ನುಂಗಿದರು ಕೂಡ.

ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. 2004ರಲ್ಲಿ ಚಿಕಾಗೋದಲ್ಲಿ 12 ಯುವಕರಿಗೆ ಎರಡೇ ರಾತ್ರಿ ನಾಲ್ಕು ಗಂಟೆ ನಿದ್ದೆ ಕೊಟ್ಟು ನೋಡಿದರು. ಲೆಪ್ಟಿನ್ ನೂರಕ್ಕೆ 18ರಷ್ಟು ಇಳಿಯಿತು, ಗ್ರೆಲಿನ್ 28ರಷ್ಟು ಏರಿತು. ನೀವು ಟೀಚರ್, ಮಾರ್ಚ್ ತಿಂಗಳಲ್ಲಿ ರಾತ್ರಿ ಒಂದರವರೆಗೆ ಪೇಪರ್ ತಿದ್ದುವಾಗ ಏನು ತಿನ್ನಬೇಕು ಅನ್ನಿಸುತ್ತದೆ ಅಂತ ನಿಮಗೇ ಗೊತ್ತಿರಬೇಕು, ಅಲ್ವಾ?

ಇಂಜೆಕ್ಷನ್ ವಿಷಯ. ನಮ್ಮ ಕರುಳಿನ ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷ ಉಳಿದರೆ ಹೆಚ್ಚು. ಸೆಮಗ್ಲುಟೈಡ್ ಅದರ ನಕಲು, ಆದರೆ ಒಂದು ಸಲ ಚುಚ್ಚಿದರೆ ವಾರದವರೆಗೆ ಕೆಲಸ ಮಾಡುತ್ತದೆ. ತೂಕ ಇಳಿಸುವ ಅದರ ಮುಖ್ಯ ಕೆಲಸ ಮಿದುಳಿನಲ್ಲೇ, ನಾನು ಹೇಳಿದ ಆ ಕಾಂಡದಲ್ಲಿ ಮತ್ತು ಹೈಪೊಥಲಾಮಸ್ಸಿನಲ್ಲಿ. 2021ರ ದೊಡ್ಡ ಪರೀಕ್ಷೆಯಲ್ಲಿ 68 ವಾರದಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ಔಷಧಿ ಇಲ್ಲದ ಗುಂಪಿನಲ್ಲಿ ಇಳಿದದ್ದು ಎರಡೂವರೆಯಷ್ಟು. ಟಿರ್ಜೆಪಟೈಡ್ ಇನ್ನೂ ಹೆಚ್ಚು ಇಳಿಸುತ್ತದೆ. ತೂಕಕ್ಕಾಗಿ ಎರಡೂ 2025ರಲ್ಲಿ ಭಾರತಕ್ಕೆ ಬಂದವು. ತೆಗೆದುಕೊಂಡವರು ನನಗೆ ಹೇಳುವುದು ಒಂದೇ, 'ತಲೆಯೊಳಗಿನ ಊಟದ ಗದ್ದಲ ನಿಂತಿತು ಡಾಕ್ಟ್ರೇ' ಅಂತ. ಅವರು ಅದನ್ನು ಹೇಳುವಾಗ ಮುಖದಲ್ಲಿ ಕಾಣುವ ನಿರಾಳವನ್ನು ನಾನು ಹಗುರವಾಗಿ ನೋಡಲಾರೆ.

ಆದರೆ ನಿಲ್ಲಿಸಿದರೆ? ಅದೇ ಪರೀಕ್ಷೆಯವರು ಔಷಧಿ ಬಿಟ್ಟ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂತು. ಬಿಪಿ ಮಾತ್ರೆಯಂತೆ ಇದೂ ದೀರ್ಘಕಾಲದ ಔಷಧಿ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದಲ್ಲಿ ಕಲ್ಲಾಗಬಹುದು. ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತದೆ. ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿ ಇದ್ದವರಿಗೆ, ಗರ್ಭಿಣಿಯರಿಗೆ ಇದು ಬೇಡ. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ನಿಮಗೆ ಸಕ್ಕರೆ, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಏನಾದರೂ ಇದ್ದರೆ ನಾನು ಇಂಜೆಕ್ಷನ್ ಬಗ್ಗೆ ಗಂಭೀರವಾಗಿ ಯೋಚಿಸುತ್ತೇನೆ. ಅಂಗಡಿಯಿಂದ ನೀವೇ ತಂದು ಚುಚ್ಚಿಕೊಳ್ಳುವುದು ಬೇಡ. ಇಂಜೆಕ್ಷನ್ ಯೋಚನೆಗೂ ಮೊದಲು ಟಿಎಸ್ಎಚ್ (ಥೈರಾಯ್ಡ್ ನೋಡಲು) ಮತ್ತು ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ನೋಡಲು) ಪರೀಕ್ಷೆ ಮಾಡಿಸಿ. ಸ್ಟಿರಾಯ್ಡ್ ಇಲ್ಲವೇ ಮಾನಸಿಕ ಕಾಯಿಲೆಯ ಮಾತ್ರೆ ಏನಾದರೂ ನಡೆಯುತ್ತಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿ. ಅವುಗಳಲ್ಲಿ ಕೆಲವು ಹಸಿವನ್ನು ಏರಿಸುತ್ತವೆ. ಆದರೆ ನೀವಾಗಿಯೇ ಅವನ್ನು ನಿಲ್ಲಿಸಬೇಡಿ.

ಕೊನೆಗೆ ಮಗಳು. ಅವಳ ತಟ್ಟೆಯಿಂದ ಅನ್ನ ತೆಗೆಯಬೇಡಿ. ಹನ್ನೊಂದರ ಹುಡುಗಿ ಮೈ ತುಂಬಿಕೊಳ್ಳುವುದು ದೊಡ್ಡವಳಾಗುವ ತಯಾರಿಯೂ ಹೌದು. ಋತುಮತಿಯಾಗಲು ಲೆಪ್ಟಿನ್ ಬೇಕು, ಅದಕ್ಕೆ ಕೊಬ್ಬು ಬೇಕು. ಈ ವಯಸ್ಸಿನಲ್ಲಿ ಅರೆಹೊಟ್ಟೆ ಇಟ್ಟ ಮಕ್ಕಳಲ್ಲಿ ಕದ್ದು ತಿನ್ನುವ ಅಭ್ಯಾಸ ಶುರುವಾಗುವುದನ್ನು, ತೂಕ ಇನ್ನೂ ಏರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೈಕಟ್ಟು ಬಹುಪಾಲು ರಕ್ತದಲ್ಲೇ ಬರುತ್ತದೆ. 1986ರಲ್ಲಿ ಡೆನ್ಮಾರ್ಕಿನ ದತ್ತು ಮಕ್ಕಳನ್ನು ನೋಡಿದಾಗ ಅವರ ತೂಕ ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರನ್ನಲ್ಲ. ಹಾಗಾಗಿ ಅವಳಿಗೆ ನಿಮ್ಮ ಮೈ ಬಂದಿದ್ದರೆ ಅದು ಅವಳ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ಮನೆಗೆಲ್ಲ ಒಂದೇ ಅಡುಗೆ ಇರಲಿ, ಒಂಬತ್ತು ಗಂಟೆ ನಿದ್ದೆ ಮಾಡಲಿ, ಆಟ ಆಡಲಿ. ಅವಳ ಮೈ ಬಗ್ಗೆ, ನಿಮ್ಮ ಮೈ ಬಗ್ಗೆಯೂ, ಅವಳ ಎದುರು ಯಾರೂ ಮಾತಾಡುವುದು ಬೇಡ.

ಡಾಕ್ಟರಿಗೆ ತೋರಿಸಬೇಕಾದ ಸಂದರ್ಭಗಳೂ ಇವೆ. ಕತ್ತಿನ ಹಿಂಭಾಗ ಕಪ್ಪಾಗಿ ದಪ್ಪಗಾಗಿದ್ದರೆ, ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತಿದ್ದರೆ, ಮಗುವಾಗಿದ್ದಾಗಿನಿಂದಲೇ ತಡೆಯಲಾಗದ ಹಸಿವಿದ್ದರೆ ಮಕ್ಕಳ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಎರಡು ವರ್ಷದ ಹಿಂದಿನಿಂದ ಅವಳ ಎತ್ತರ, ತೂಕ ಎಷ್ಟಿತ್ತು ಅಂತ ಶಾಲೆಯ ದಾಖಲೆಯಲ್ಲಿ ಸಿಗಬಹುದು. ಸಿಕ್ಕರೆ ಅದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.